ಕಡಲು ಬಲಕ್ಕಿದ್ದರೆ ತೆಂಕು

ಬೈಕಿನಲ್ಲಿ ದಕ್ಷಿಣ ಅಮೆರಿಕ ಸುತ್ತುತ್ತೇನೆಂದಾಗ ಕಾಪುವಿನಲ್ಲಿ ಯಾರೂ ನಂಬಲಿಲ್ಲ. ಹೆದ್ದಾರಿ ಬದಿಯಲ್ಲಿ ನನ್ನದೊಂದು ಗ್ಯಾರೇಜು. "ಇಲ್ಲೇ ಬೆಳ್ಮಣ್ಣಿಗೆ ಹೋಗಿ ಬಂದರೆ ಸೊಂಟ ಹಿಡೀತು ಅಂತ ಎರಡು ದಿನ ಮಲಗುವ ಜನ, ನಿನಗೆಂತಕ್ಕೆ ಮಾರಾಯ ಅಮೆರಿಕ?" ಎಂದು ಎದುರು ಹೋಟೆಲಿನ ವಾಸಣ್ಣ ನಕ್ಕ. ಬಹುಕಾಲದ ಆಸೆ ಎಂದೆ. ಅದು ಅರ್ಧ ನಿಜ.

ಇನ್ನರ್ಧ ನನ್ನ ತಮ್ಮ ದಿನೇಶ. ಅವನು ಸರಕು ಹಡಗಿನಲ್ಲಿ ಅಡುಗೆಯವನು. ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ನಡುಕಡಲಿನಲ್ಲಿದ್ದ. ಅವನು ಮನೆ ಮುಟ್ಟುವಾಗ ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಬೊಜ್ಜವೂ ಮುಗಿಯುತ್ತಾ ಬಂದಿತ್ತು, ಅಂಗಳದಲ್ಲಿ ಕೊನೆಯ ಪಂಕ್ತಿ ಕೂತಿತ್ತು. ಅಷ್ಟು ಜನರೆದುರು ನಾನು, "ಈಗ ಎಂತಕ್ಕೆ ಬಂದದ್ದು? ಉಣ್ಲಿಕ್ಕಾ?" ಎಂದೆ. ಅವನು ಬ್ಯಾಗು ಕೆಳಗಿಡಲೇ ಇಲ್ಲ. ಹಾಗೇ ತಿರುಗಿ ಉಡುಪಿ ಬಸ್ಸು ಹತ್ತಿದವನು ಮತ್ತೆ ಊರಿಗೆ ಕಾಲಿಟ್ಟಿಲ್ಲ. ರಜೆಯನ್ನೂ ಮುಂಬಯಿಯಲ್ಲೇ ಕಳೆಯುತ್ತಾನೆ. ಫೋನು ಮಾಡುತ್ತಾನೆ, ಇಲ್ಲವೆಂದಲ್ಲ. ಮಳೆ ಬಂತಾ, ಮೀನುಂಟಾ, ಇಡ್ತೇನೆ. ಆ ಮಾತನ್ನು ಹಿಂದೆಗೆದುಕೊಳ್ಳಲು ನನಗೆ ಅವನ ಮುಖ ಬೇಕಿತ್ತು. ಅವನ ಹಡಗು ಗೋಧಿ ತುಂಬಲು ಅರ್ಜೆಂಟೀನಾದ ನೆಕೊಚೆಯಾ ಬಂದರಿಗೆ ಬರುವುದಿತ್ತು. "ಬುಧವಾರ ಹತ್ತರಿಂದ ಎರಡರವರೆಗೆ ನನಗೆ ಬಿಡುವು ಸಿಕ್ಕೀತು. ಬರುವುದಾದರೆ ಗೇಟಿನ ಹತ್ತಿರ ಇರ್ತೇನೆ" ಎಂದಿದ್ದ.

ಚಿಲಿಯ ಸ್ಯಾಂಟಿಯಾಗೊದಲ್ಲಿ ಎಂಟು ವರ್ಷ ಹಳೆಯ 250 ಸಿಸಿ ಬೈಕೊಂದನ್ನು ಕೊಂಡು ಬಡಗು ದಿಕ್ಕಿಗೆ ಹೊರಟೆ. ಬಂದರಿಗೆ ನೇರ ದಾರಿ ಬೇರೆಯೇ ಇತ್ತು. ಆದರೆ ಕೈಯಲ್ಲಿ ಐದು ವಾರವಿತ್ತು, ಮತ್ತು ತಮ್ಮನ ಮುಖ ನೋಡಲು ನನಗೆ ಹೆದರಿಕೆಯೂ ಇತ್ತು. ಮೊದಲ ವಾರ ಕಷ್ಟವಾಗಲಿಲ್ಲ. ಎಡಗಡೆ ಕಡಲು, ಬಲಗಡೆ ಬೆಟ್ಟ, ಸೂರ್ಯ ಮುಳುಗುವುದು ನೀರಿನಲ್ಲಿ. ಮಂಗಳೂರಿನಿಂದ ಉಡುಪಿಗೆ ಹೋದ ಹಾಗೆಯೇ. ಮರ ಮಾತ್ರ ಒಂದೂ ಇಲ್ಲ. ದಿನಕ್ಕೆ ಮುನ್ನೂರು ಕಿಲೋಮೀಟರು, ಬ್ರೆಡ್ಡು, ಮೊಟ್ಟೆ, ಮತ್ತೆ ಬ್ರೆಡ್ಡು.

ಬೊಲಿವಿಯಾ ಹತ್ತುವಾಗ ನಾಲ್ಕು ಸಾವಿರ ಮೀಟರಿನಲ್ಲಿ ಬೈಕಿಗೂ ನನಗೂ ಒಟ್ಟಿಗೇ ಉಬ್ಬಸ ಬಂತು. ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲು ಕಡಿಮೆ ಬಿಡುವ ಸಣ್ಣ ಜೆಟ್ ಹಾಕಿದೆ, ಅದು ಸುಧಾರಿಸಿತು. ನನಗೆ ಹಾಕಲು ಜೆಟ್ ಇರಲಿಲ್ಲ. ಉಯುನಿಯ ಉಪ್ಪಿನ ಬಯಲಿನಲ್ಲಿ ಎತ್ತ ನೋಡಿದರೂ ಬಿಳಿ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆಂದು ಮೀನುಗಾರರ ಮನೆಯವನಿಗೆ ಯಾರೂ ಹೇಳಬೇಕಾಗಿಲ್ಲ. ಸಂಜೆ ಚೈನು, ರಿಮ್ಮು ಎಲ್ಲ ತೊಳೆದು ಎಣ್ಣೆ ಬಿಟ್ಟೆ. ಆ ದಿನ ಯಾರೊಂದಿಗೂ ಒಂದು ಶಬ್ದ ಆಡಿರಲಿಲ್ಲವೆಂದು ಆಮೇಲೆ ನೆನಪಾಯಿತು. "ಊಟ ಆಯ್ತಾ?" ಎಂದು ನನ್ನನ್ನೇ ಕೇಳಿಕೊಂಡೆ. ನನ್ನ ಸ್ವರ ಕೇಳಿ ನನಗೇ ಅಳು ಬಂತು. ಸುಮ್ಮನೆ ಅತ್ತೆ, ನೋಡುವವರಾದರೂ ಯಾರಿದ್ದರು?

ಅರ್ಜೆಂಟೀನಾದ ಬಯಲುಗಳನ್ನು ದಾಟಲು ಒಂಬತ್ತು ದಿನ ಹಿಡಿಯಿತು. ದನ, ಬೇಲಿ, ಗಾಳಿ. ಮಂಗಳವಾರ ಸಂಜೆ ಅಟ್ಲಾಂಟಿಕ್ ದಡದ ಮಾರ್ ಡೆಲ್ ಪ್ಲಾಟಾ ಪಟ್ಟಣ ಮುಟ್ಟಿದೆ. ಅಲ್ಲಿಂದ ಬಂದರಿಗೆ ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರು, ತೆಂಕಿನ ಕಡೆಗೆ.

ಬುಧವಾರ ಏಳಕ್ಕೇ ಹೊರಟೆ. ನೇರ ರಸ್ತೆ ಇದ್ದೂ ಕಡಲ ಬದಿಯ ದಾರಿ ಹಿಡಿದೆ, ಕಡಲು ಕಂಡರೆ ಧೈರ್ಯ ಬರುತ್ತದೆಂದು. ಮಳೆಯಿಂದಾಗಿ ಎರಡು ಗಂಟೆ ಒಂದು ಬಸ್ ಸ್ಟಾಪಿನಡಿ ನಿಲ್ಲಬೇಕಾಯಿತು. ನಲವತ್ತೈದು ಕಿಲೋಮೀಟರು ದಾಟಿ ಪೆಟ್ರೋಲು ಹಾಕಿಸಿ, ಕಾಫಿ ಕುಡಿದು ಹೊರಬಂದರೆ ಮಂಜು ಕವಿದಿತ್ತು. ಸೂರ್ಯನಿಲ್ಲ, ಬೋರ್ಡು ಕಾಣದು, ಒದ್ದೆಯಾದ ಫೋನು ಸತ್ತಿತ್ತು. ಆದರೂ ನನಗೆ ಚಿಂತೆಯಾಗಲಿಲ್ಲ. ಅಲೆಯ ಸದ್ದು ಕೇಳುತ್ತಿತ್ತಲ್ಲ! ನಮ್ಮಲ್ಲಿ ಮಗು ನಡೆಯಲು ಕಲಿಯುವಾಗಲೇ ಕಲಿಯುವ ಪಾಠ: ಕಡಲು ಪಡುವಣಕ್ಕೆ. ಅದು ಬಲಕ್ಕಿದ್ದರೆ ನಿನ್ನ ಮುಖ ತೆಂಕಿಗೆ. ಕಡಲನ್ನು ಬಲಕ್ಕೆ ಹಾಕಿಕೊಂಡು ಹೊರಟೆ. ಒಂದು ಗಂಟೆ ಕಣ್ಣು ಕಿರಿದು ಮಾಡಿಕೊಂಡು ಓಡಿಸಿದೆ. ಮಂಜು ಹರಿದಾಗ ಎದುರಿಗೆ ನಿಂತದ್ದು ನಾನು ರಾತ್ರಿ ಮಲಗಿದ್ದ ಅದೇ ವಸತಿಗೃಹ.

ಅಯ್ಯೋ ದೇವರೇ! ಇಲ್ಲಿ ಕಡಲು ಮೂಡಣಕ್ಕೆ; ಬೆಳಿಗ್ಗೆ ಅದು ಎಡಕ್ಕಿದ್ದದ್ದನ್ನೂ ಮರೆತಿದ್ದೆ. ಐವತ್ತೆರಡು ವರ್ಷದ ಮೂರ್ಖ ನಾನು, ಭೂಮಿಯ ಆಚೆ ಬದಿಗೂ ಕಾಪುವಿನ ಕಡಲನ್ನೇ ಹೊತ್ತುಕೊಂಡು ಹೋಗಿದ್ದೆ. ಹನ್ನೆರಡು ದಾಟಿತ್ತು. ಈ ಸಲ ನೇರ ರಸ್ತೆ ಹಿಡಿದೆ. ಎದುರುಗಾಳಿಗೆ ಬೈಕು ಅರವತ್ತರ ಮೇಲೆ ಏಳಲಿಲ್ಲ.

ಬಂದರಿನ ಗೇಟು ಮುಟ್ಟಿದಾಗ ಎರಡು ನಲವತ್ತು. ಕಲ್ಲುಬೆಂಚು ಖಾಲಿಯಿತ್ತು. ನರೆಗಡ್ಡದ ಕಾವಲುಗಾರ ನನ್ನ ಮುಖವನ್ನೂ ಬೈಕನ್ನೂ ನೋಡಿ ಒಳಗಿನಿಂದ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟ. ಬೆಂಚು ತೋರಿಸಿದ, ಗಡಿಯಾರ ತೋರಿಸಿದ, ಎರಡು ಬೆರಳೆತ್ತಿದ. ಅವನ ಭಾಷೆ ನನಗೆ ಬಾರದು, ಆದರೂ ಎಲ್ಲ ಅರ್ಥವಾಯಿತು. ತಮ್ಮ ಹತ್ತರಿಂದ ಎರಡರವರೆಗೆ ಆ ಬೆಂಚಿನ ಮೇಲೆ ಕೂತಿದ್ದ.

ಡಬ್ಬಿಯಲ್ಲಿ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಮೀನಿನ ಗಸಿ. ತಣ್ಣಗಾಗಿತ್ತು. ಉಣ್ಲಿಕ್ಕಾ ಎಂದು ಕೇಳಿ ಕಳಿಸಿದವನಿಗೆ ಅವನು ಊಟ ಕಟ್ಟಿಟ್ಟು ಹೋಗಿದ್ದ. ಗೇಟಿನ ಹೊರಗೆ ಕೂತು ಒಂದಗುಳು ಬಿಡದೆ ಉಂಡೆ.

ಕಾವಲುಗಾರ ತನ್ನ ಫೋನಿನಿಂದ ಯಾರಿಗೋ ಕರೆ ಮಾಡಿ ನನ್ನ ಕೈಗೆ ಕೊಟ್ಟ. ದೂರದ ಹಡಗಿನ ಅಂಚಿಗೆ ಬಿಳಿ ಏಪ್ರನ್ನಿನ ಒಬ್ಬ ಬಂದು ನಿಂತ. ಹೆಬ್ಬೆರಳಿನಷ್ಟು ಸಣ್ಣಗೆ ಕಾಣುತ್ತಿದ್ದ. ಮುಖ ತಿಳಿಯಲಿಲ್ಲ.

"ಉಂಡೆಯಾ ಅಣ್ಣ?"

"ಉಂಡೆ. ದಾರಿ ತಪ್ಪಿತು ಮಾರಾಯ."

"ಹೌದಾ. ಮತ್ತೆ ನನ್ನನ್ನು ಹೊರಗೆ ಬಿಡ್ಲಿಕ್ಕಿಲ್ಲ ಇವರು. ನಾಳೆ ಬೆಳಿಗ್ಗೆ ಹಡಗು ಹೊರಡ್ತದೆ."

"ದಿನೇಶ, ಅವತ್ತು ಅಂಗಳದಲ್ಲಿ ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು."

ಅವನು ಏಪ್ರನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅಲ್ಲಿ ನಿಂತೇ ಇದ್ದ.

"ಅದನ್ನು ಮರೀಲಿಕ್ಕೆ ಆಗ್ಲಿಲ್ಲ ಅಣ್ಣ," ಎಂದ ಕೊನೆಗೆ. ಮತ್ತೆ, "ಡಬ್ಬಿ ಕಾವಲಿನವನ ಹತ್ತಿರ ಕೊಡಬೇಡ. ನೀನೇ ಇಟ್ಕೋ. ಊರಿಗೆ ಬಂದಾಗ ತಗೊಳ್ತೇನೆ."

ಮರುದಿನ ಹಡಗು ಹೋಯಿತು. ನಾನು ಉರುಗ್ವೆ ಸೇರಿ, ಅಲ್ಲಿ ಬೈಕು ಮಾರಿ, ವಿಮಾನ ಹತ್ತಿ ಊರಿಗೆ ಬಂದೆ. ಏಳು ತಿಂಗಳಾಯಿತು. ಡಬ್ಬಿ ನಮ್ಮ ಅಡುಗೆಮನೆಯಲ್ಲಿದೆ. ಅವನಿನ್ನೂ ಬಂದಿಲ್ಲ. ಕಳೆದ ವಾರ ಫೋನಿನಲ್ಲಿ, ಇಡುವ ಮೊದಲು, "ಡಬ್ಬಿ ಉಂಟಲ್ಲ?" ಎಂದು ಕೇಳಿದ.

"ಉಂಟು," ಎಂದೆ.