ಹಗ್ಗದ ಇನ್ನೊಂದು ತುದಿ

ಇಂದು ಮಾಡಿದ ಕೆಲಸಗಳಿವು. ಎಮ್ಮೆಯ ಸಗಣಿ ಬಳಿದು ತಿಪ್ಪೆಗೆ ಹಾಕಿದೆ. ಅಂಗಳಕ್ಕೆ ನೀರು ಹೊಡೆದು ರಂಗೋಲಿಯ ನಾಲ್ಕು ಗೆರೆ ಎಳೆದೆ. ಇವರು ಹಿಂಡಿಕೊಟ್ಟ ಹಾಲು ಕಾಸಿದೆ, ಇವರಿಗೆ ಬುತ್ತಿ ಕಟ್ಟಿದೆ. ಮಜ್ಜಿಗೆ ಕಡೆದೆ. ಇಲ್ಲ, ಕಡೆದೆವು, ಆ ಮಾತಿಗೆ ಆಮೇಲೆ ಬರುತ್ತೇನೆ. ಬೆಣ್ಣೆ ತೊಳೆದು ನೀರಿನಲ್ಲಿಟ್ಟೆ. ಜೋಳ ಹಸನು ಮಾಡಿದೆ. ಇವರ ಅಂಗಿಯ ತೋಳು ಹರಿದಿತ್ತು, ಹೊಲಿದೆ. ಬಟ್ಟೆ ಒಗೆದು ಒಣಹಾಕಿದೆ. ಬಲಗೈ ಹೆಗಲಿನ ಮೇಲೆ ಏಳುವುದಿಲ್ಲವೆಂದು ಬಟ್ಟೆಯ ಹಗ್ಗವನ್ನು ಕೆಳಗೆ ಕಟ್ಟಿಸಿಕೊಂಡಿದ್ದೇನೆ. ಅದು ಕರುವಿಗೆ ಅನುಕೂಲವಾಗಿದೆ, ಇಂದೂ ಒಂದು ಟವೆಲಿನ ಅಂಚು ಜಗಿದು ಹೋಯಿತು.

ನರಗುಂದದ ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಒಂದೇ ಮನೆಯಾಗಿತ್ತು. ಇವರೂ ಇವರ ತಮ್ಮನೂ ಬೇರೆಯಾದಾಗ ನಡುವೆ ಗೋಡೆ ಎದ್ದಿತು. ಒಳಗೆ ಮಾಳಿಗೆಯವರೆಗೆ ಗೋಡೆ, ಹಿತ್ತಲಲ್ಲಿ ಎದೆಮಟ್ಟ, ಅದರ ಕೊನೆಗೆ ಒಬ್ಬರು ಹಾಯುವಷ್ಟು ಸಂದು. ಆಚೆ ಬದಿಗೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಮೈದುನ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಈಚೆ ನಾನು. ಇವರು ಪೇಟೆಯಲ್ಲಿ ಕಾಳಿನ ತೂಕಕ್ಕೆ ನಿಲ್ಲುವವರು. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುತ್ತಾರೆ. ಕಡಲೆಯ ಸುಗ್ಗಿ ಬಂತೆಂದರೆ ಇನ್ನೂ ತಡ. ಬಂದವರಿಗೆ ಮಾತು ಬೇಡ, ಚಹಾ ಬೇಕು. ಮಗಳು ಕೊಣ್ಣೂರಿನಲ್ಲಿ ಅವಳ ಸಂಸಾರದಲ್ಲಿದ್ದಾಳೆ. ಹೀಗಾಗಿ ಹಗಲೆಲ್ಲ ನನಗೆ ಎಮ್ಮೆ, ಎಮ್ಮೆಗೆ ನಾನು.

ಬೇರೆಯಾದಾಗ ಪಾಲಿನಲ್ಲಿ ಎಮ್ಮೆಯೂ ಮಜ್ಜಿಗೆ ಕಡೆಯುವ ಕಂಬವೂ ನಮ್ಮ ಕಡೆ ಬಂದವು. ಆದರೆ ಕಡೆಯುವ ಕೆಲಸ ಮಾತ್ರ ಪಾಲಾಗಲಿಲ್ಲ. ದಿನಾ ಬೆಳಿಗ್ಗೆ ನೆಗೆಣ್ಣಿ ಹಿತ್ತಲಿನಿಂದ ಬರುವಳು. ಗಡಿಗೆಯ ಆಚೆ ಅವಳು, ಈಚೆ ನಾನು. ಕಡೆಗೋಲಿಗೆ ಸುತ್ತಿದ ಹಗ್ಗದ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವಳು ಎಳೆದಾಗ ನಾನು ಬಿಡಬೇಕು, ನಾನು ಎಳೆದಾಗ ಅವಳು ಬಿಡಬೇಕು. ಬೆಣ್ಣೆ ಬರುವವರೆಗೆ ಓಣಿಯ ಸುದ್ದಿಯೆಲ್ಲ ಮುಗಿಯುತ್ತಿತ್ತು. ದಿನಕ್ಕೆ ನಾನು ಆಡುವ ಮಾತು ಹೆಚ್ಚುಕಡಿಮೆ ಅಷ್ಟೇ.

ನಮ್ಮ ಅತ್ತೆ ಒಂದು ಪದ್ಧತಿ ಹಾಕಿಕೊಟ್ಟು ಹೋಗಿದ್ದರು. ಹಗ್ಗಕ್ಕೆ ಕೈ ಹಚ್ಚಿದವಳಿಗೆ ಮೊದಲ ಬೆಣ್ಣೆ. ಎಳೆಯದೆ ಕುಳಿತವಳಿಗೆ ಮಜ್ಜಿಗೆ ಎಷ್ಟಾದರೂ ಉಂಟು, ಬೆಣ್ಣೆ ಇಲ್ಲ. ಅದು ಸೊಸೆಯರು ಮೈಗಳ್ಳರಾಗಬಾರದೆಂದು ಮಾಡಿದ್ದು. ಅತ್ತೆ ಹೋದರೂ ಪದ್ಧತಿ ಉಳಿಯಿತು. ಬೆಣ್ಣೆ ತೇಲಿದ ಕೂಡಲೇ ಒಂದೊಂದು ಉಂಡೆ ಒಬ್ಬರ ಅಂಗೈಗೆ ಒಬ್ಬರು ಹಾಕುತ್ತಿದ್ದೆವು.

ದೀಪಾವಳಿ ಕಳೆದ ಮೇಲೆ ನನ್ನ ಬಲಹೆಗಲು ಹಿಡಿದುಕೊಂಡಿತು. ದವಾಖಾನೆಯಲ್ಲಿ ಹಗ್ಗ ಎಳೆಯುವ ಕೆಲಸ ಪೂರ್ತಿ ಬಿಡಬೇಕೆಂದರು. ನೆಗೆಣ್ಣಿ ಕೇಳಿದ ಕೂಡಲೇ, "ನಾ ಒಬ್ಬಾಕೆ ಎರಡೂ ತುದಿ ಹಿಡದ ಕಡೀತೀನಿ ಯಕ್ಕಾ. ನೀ ಎದುರಿಗೆ ಕುಂತು ಬರೇ ಮಾತಾಡು" ಎಂದಳು. ಅವಳ ಮೊಣಕಾಲೂ ಚಲೋ ಇಲ್ಲ, ಮೇಲೆ ಹೊಲದ ಕೆಲಸ ಬೇರೆ. "ನೋಡೋಣ" ಎಂದೆ. ಆ ರಾತ್ರಿ ಇವರಿಗೂ ಹೇಳಿದೆ. ಇವರು ಎದ್ದು ಹೋಗಿ ಕಡೆಯುವ ಕಂಬವನ್ನು ಅಲ್ಲಾಡಿಸಿ ನೋಡಿ ಬಂದರು.

ಮುಂದಿನ ವಾರ ಇವರು ಬಸುರಿಗೆ ಮಾಡುವ ಕುಬಸದ ಊಟಕ್ಕೆಂದು ಗಜೇಂದ್ರಗಡಕ್ಕೆ ಹೋದರು. ಅಲ್ಲಿ ಇವರ ಸೋದರತ್ತೆಯ ಮಗನ ಮನೆಯಿದೆ; ಮನೆಯ ತುಂಬ ಕರೆಂಟಿನ ಮಗ್ಗಗಳು. ಮರುದಿನ ಸಂಜೆ ಗೋಣಿಚೀಲದಲ್ಲಿ ಒಂದು ಕಬ್ಬಿಣದ ಗಾಲಿ ಹೊತ್ತುಕೊಂಡು ಬಂದರು. ರೋಣದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, "ಯಜಮಾನ್ರ, ಇದಕ್ಕೂ ಒಂದ ಟಿಕೀಟ ತಗೀರಿ, ಸೀಟ ಹಿಡದೈತಿ" ಎಂದನಂತೆ. ಅದನ್ನು ಹೇಳುವಾಗ ಇವರು ನಕ್ಕರು. ಇವರು ನಕ್ಕಿದ್ದು ಅಪರೂಪವೆಂದು ಬರೆದಿಡುತ್ತಿದ್ದೇನೆ.

ಎರಡು ದಿನ ಬಿಟ್ಟು ಮಗ್ಗ ರಿಪೇರಿಯ ಮಿಸ್ತ್ರಿಯೊಬ್ಬರು ಬಂದರು. ತಾವು ತಂದಿದ್ದ ಮೋಟರನ್ನು ಕಂಬದ ಪಕ್ಕದ ಹಲಗೆಗೆ ಕೂಡಿಸಿ, ಪಟ್ಟಾ ಹಾಕಿ, ಗಾಲಿ ನಿಧಾನ ತಿರುಗುವಂತೆ ಮಾಡಿದರು. ನಾನು ಚಹಾ ಕೊಟ್ಟು ನಿಂತು ನೋಡಿದೆ.

"ನೋಡ್ರಿ ಅಕ್ಕಾರ," ಎಂದರು. "ಮೋಟರಿಗೆ ಗೊತ್ತಿರೂದು ಒಂದ. ಗರಾಗರಾ ತಿರಗೂದು. ಹಿಂದ ಮುಂದ ಹೋಗೂದು ಅದಕ್ಕ ಗೊತ್ತಿಲ್ಲ. ಅದನ್ನ ನಾವ ಕಲಸಬೇಕು."

ಗಾಲಿಯ ಮೇಲೆ, ನಡುವಿನಿಂದ ಸ್ವಲ್ಪ ದೂರಕ್ಕೆ, ಒಂದು ಮೊಳೆ. ಮೊಳೆಗೆ ಒಂದು ಉದ್ದನೆಯ ಪಟ್ಟಿ. ಗಾಲಿ ಸುತ್ತುವಾಗ ಮೊಳೆಯೂ ಸುತ್ತುತ್ತದೆ. ಪಟ್ಟಿಯ ಆಚೆಯ ತುದಿ ಮಾತ್ರ ಸುತ್ತಲಾರದೆ ಹಿಂದೆ ಹೋಗುತ್ತದೆ, ಮುಂದೆ ಬರುತ್ತದೆ. ಮಗ್ಗದಲ್ಲಿ ನೂಲನ್ನು ಒತ್ತುವ ಹಣಿಗೆ ಬಡಿಯುವುದೂ ಹೀಗೆಯೇ ಅಂತೆ. ಗಾಲಿಯಲ್ಲಿ ಬೇರೆ ತೂತುಗಳೂ ಇದ್ದವು. ಮೊಳೆಯನ್ನು ಹೊರಗಿನ ತೂತಿಗೆ ಹಾಕಿದರೆ ಉದ್ದ ಎಳೆತ, ಒಳಗಿನದಕ್ಕೆ ಹಾಕಿದರೆ ಗಿಡ್ಡ ಎಳೆತ.

"ನಟ್ಟ ನಡುವ ಹಾಕಿದ್ರ?" ಎಂದು ಕೇಳಿದೆ.

"ನಡುವ ಹಾಕಿದ್ರ ಮುಗೀತ್ರಿ. ಗಾಲಿ ತಿರಗತೈತಿ, ಕರೆಂಟ ಖರ್ಚ ಆಗತೈತಿ, ಏನೂ ಅಳ್ಳಾಡೂದಿಲ್ಲ."

ಹಗ್ಗದ ಒಂದು ತುದಿಯನ್ನು ಆ ಪಟ್ಟಿಗೆ ಕಟ್ಟಿದರು. ಇನ್ನೊಂದು ತುದಿಯನ್ನು ಎದುರಿನ ಗೋಡೆಯ ಗೂಟಕ್ಕೆ, ನಡುವೆ ಒಂದು ಸ್ಪ್ರಿಂಗು ಹಾಕಿ. ಯಂತ್ರ ಎಳೆಯುವುದು, ಸ್ಪ್ರಿಂಗು ಹಿಂದಕ್ಕೆ ತರುವುದು. ಸ್ಪ್ರಿಂಗು ಇದ್ದದ್ದು ಸರಿಯಾಗಿ ನನ್ನ ನೆಗೆಣ್ಣಿ ಕುಳಿತುಕೊಳ್ಳುವ ಜಾಗದಲ್ಲಿ. ಅದನ್ನು ನಾನು ಆಗಲೇ ಕಂಡೆ. ಆದರೆ ಕಂಡದ್ದನ್ನು ಯಾರ ಮುಂದೆ ಹೇಳುವುದು, ಏನೆಂದು ಹೇಳುವುದು? ಇವರು ಮನಸ್ಸಿಟ್ಟು ಮಾಡಿಸಿದ್ದರು. "ಇಬ್ಬರಿಗೂ ತ್ರಾಸ ತಪ್ಪಿತು. ಆಕಿಗೂ ಹೇಳು" ಎಂದರು. ನಮ್ಮಲ್ಲಿ ತಮ್ಮನ ಹೆಂಡತಿಯೊಡನೆ ಭಾವ ನೇರವಾಗಿ ಮಾತಾಡುವುದಿಲ್ಲ. ಏನಿದ್ದರೂ ನನ್ನ ಬಾಯಿಂದಲೇ ದಾಟಬೇಕು.

ಮರುದಿನ ಬೆಳಿಗ್ಗೆ ನೆಗೆಣ್ಣಿ ಬಂದಳು. ಹಗ್ಗ ತಾನಾಗಿ ಆಡುವುದನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

"ಅಯ್ಯ ಯಕ್ಕಾ! ಹೊಸಾ ನೆಗೆಣ್ಣಿ ತಂದೀಯಲ್ಲಬೇ! ಭಾರಿ ಕೆಲಸದಾಕಿ ಅದಾಳ. ಉಣ್ಣೂದಿಲ್ಲ, ಜಗಳಾ ತಗಿಯೂದಿಲ್ಲ."

"ನಿಮ್ಮ ಭಾವಾರು ಮಾಡಿಸ್ಯಾರ. ನಿನಗೂ ತ್ರಾಸ ತಪ್ಪಲಿ ಅಂತ."

"ತ್ರಾಸ ಆಗ್ತೈತಿ ಅಂತ ನಾ ಯಾರ ಮುಂದ ಹೇಳೀನಿ?"

ನಗುತ್ತಲೇ ಕೇಳಿದಳು. ಬೆಣ್ಣೆ ಬಂತು. ಉಂಡೆ ಮಾಡಿ ಕೊಡಲು ಹೋದೆ. ಅವಳು ಅಂಗೈ ಮುಚ್ಚಿದಳು.

"ಬ್ಯಾಡ ಯಕ್ಕಾ. ಹಗ್ಗಕ್ಕ ಕೈ ಹಚ್ಚಿಲ್ಲ ನಾನು. ಅತ್ತಿ ಮ್ಯಾಲಿಂದ ನೋಡಾಕತ್ತಿರ್ತಾಳ."

ಮರುದಿನ ಅವಳು ಬರಲಿಲ್ಲ. ಮೊಣಕಾಲೇನೋ ಅಂದುಕೊಂಡೆ. ಅದರ ಮರುದಿನವೂ ಬರಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ಕರೆದು ತಂಬಿಗೆಯಲ್ಲಿ ಮಜ್ಜಿಗೆಯನ್ನೂ ಎಲೆಯಲ್ಲಿ ಬೆಣ್ಣೆಯನ್ನೂ ಕೊಟ್ಟೆ. ಮಜ್ಜಿಗೆ ತೆಗೆದುಕೊಂಡಳು. ಎಲೆಯನ್ನು ಗೋಡೆಯ ಮೇಲೇ ಬಿಟ್ಟಳು. ಮಧ್ಯಾಹ್ನ ತಂಬಿಗೆ ಹಿಂದಕ್ಕೆ ಬಂತು, ತೊಳೆದು ಲಕಲಕ ಮಾಡಿದ್ದಳು. ಒಳಗೆ ಒಂದು ಹಿಡಿ ಸುಲಗಾಯಿ, ಹೊಲದಿಂದ ಆಗಷ್ಟೇ ಕಿತ್ತ ಹಸಿ ಕಡಲೆ.

ಇದರಲ್ಲೇನಿದೆ ಎಂದು ಹೊರಗಿನವರು ಕೇಳಬಹುದು. ಮಂದಿಯ, ಅಂದರೆ ಬೇರೆಯವರ ಮನೆಯ ಪಾತ್ರೆಯನ್ನು ಬರಿದು ಕಳಿಸಬಾರದು, ಏನಾದರೂ ಹಾಕಿ ಕಳಿಸಬೇಕು. ಇದು ನಮ್ಮ ಓಣಿಯಲ್ಲಿ ಎಲ್ಲರೂ ನಡೆಸುವ ರೀತಿ. ನಮ್ಮಿಬ್ಬರ ನಡುವೆ ಮಾತ್ರ ಪಾತ್ರೆಗಳು ಯಾವಾಗಲೂ ಬರಿದೇ ಓಡಾಡಿದ್ದವು. ಗೋಡೆ ಎದ್ದ ಮೇಲೂ ಬರಿದೇ. ತನ್ನ ಮನೆಯ ಪಾತ್ರೆಯನ್ನು ತನ್ನ ಮನೆಗೆ ಕಳಿಸುವಾಗ ಯಾರು ಏನು ಹಾಕುತ್ತಾರೆ? ಆ ಹಿಡಿ ಕಡಲೆಯನ್ನು ನೋಡಿದಾಗ ಗೊತ್ತಾಯಿತು, ನಾನೀಗ ಅವಳಿಗೆ ಮಂದಿಯಾಗಿದ್ದೇನೆ. ಕಡಲೆಯನ್ನು ಸುಲಿದು ತಿಂದೆ. ರುಚಿಯಾಗಿಯೇ ಇತ್ತು.

ಆಮೇಲೆ ದಿನಾ ಹಾಗೆಯೇ. ತಂಬಿಗೆಯಲ್ಲಿ ಒಮ್ಮೆ ಮೆಣಸಿನಕಾಯಿ, ಒಮ್ಮೆ ಮೆಂತ್ಯದ ಸೊಪ್ಪು, ಒಮ್ಮೆ ಬೆಲ್ಲದ ಚೂರು. ಬೆಳಿಗ್ಗೆ ಸ್ವಿಚ್ ಹಾಕಿ ಗಡಿಗೆಯ ಮುಂದೆ ಒಬ್ಬಳೇ ಕೂರುತ್ತಿದ್ದೆ. ಯಂತ್ರ ಕಟಕಟ ಎಂದು ಹೋಗಿ ಬರುವುದು. ಅದಕ್ಕೆ ದಮ್ಮು ಹತ್ತುವುದಿಲ್ಲ, ನಡುವೆ ನಿಂತು "ಮುಂದೇನಾತು ಗೊತ್ತೇನು?" ಎನ್ನುವುದಿಲ್ಲ. ಮೊದಮೊದಲು ಕುಳಿತು ನೋಡಿದೆ. ಆಮೇಲೆ ಅದನ್ನು ಅದರಷ್ಟಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಹೋಗತೊಡಗಿದೆ.

ಚಳಿಯಲ್ಲಿ ಬೆಣ್ಣೆ ಲಗು ಬರುವುದಿಲ್ಲ. ನಡುನಡುವೆ ಬಿಸಿನೀರು ಹಾಕಬೇಕು. ಎಷ್ಟು, ಯಾವಾಗ ಎನ್ನುವುದು ಹಗ್ಗ ಹಿಡಿದ ಕೈಗೆ ತಿಳಿಯುತ್ತಿತ್ತು. ಹಗ್ಗ ಭಾರವಾದರೆ ಬೆಣ್ಣೆ ಕೂಡುತ್ತಿದೆ ಎಂದು. ಈಗ ಹಗ್ಗ ನನ್ನ ಕೈಯಲ್ಲಿ ಇರಲಿಲ್ಲ. ಒಂದು ದಿನ ಎಮ್ಮೆಗೆ ಮೇವು ಹಾಕುತ್ತಿದ್ದೆ, ಗೋಡೆಯಾಚೆಯಿಂದ ಕೂಗು ಬಂತು.

"ಯಕ್ಕಾ! ಬಿಸಿನೀರ ಹಾಕಬೇ! ಹಂಗ ಒಣಾ ತಿರಗಸ್ತಿಯೇನು?"

ಓಡಿಹೋಗಿ ಹಾಕಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗು. "ಆರಸು, ಆರಸು! ಬೆಣ್ಣಿ ಬಂದೈತಿ!"

ಆರಿಸಿ ನೋಡಿದರೆ ಬಂದಿತ್ತು. ಅವಳು ಆಚೆ ಕುಳಿತು ಸಪ್ಪಳ ಕೇಳುತ್ತಿದ್ದಳು. ಅಂದರೆ ಆ ಹೊತ್ತಿಗೆ ಅವಳೂ ಬೇರೆ ಕೆಲಸಕ್ಕೆ ಹೋಗಿರಲಿಲ್ಲ. ಗೋಡೆಯ ಹತ್ತಿರ ಹೋಗಿ, "ಬಾ ತಂಗಿ, ಬಂದು ಕುಂದ್ರು" ಎಂದೆ. "ಕುಂತು ಏನ ಮಾಡ್ಲಿ ಯಕ್ಕಾ, ನನ್ನ ಜಾಗಾದಾಗ ಸ್ಪ್ರಿಂಗ ಕುಂತೈತಿ" ಎಂದು ಒಳಗೆ ಹೋದಳು.

ಇದಾದ ಮೇಲೆ ಕೂಗೂ ನಿಂತಿತು. ನನ್ನ ಬೆಣ್ಣೆ ಕೆಲವು ದಿನ ಕೂಡಿತು, ಕೆಲವು ದಿನ ಬಿಸಿನೀರು ಹೆಚ್ಚಾಗಿ ಕರಗಿ ಮಜ್ಜಿಗೆಯಲ್ಲೇ ಹೋಯಿತು. ಇವರ ತಟ್ಟೆಗೆ ಮಾತ್ರ ಹೇಗೋ ಹೊಂದಿಸಿ ಹಾಕಿದೆ. "ಹೆಗಲ ಹ್ಯಾಂಗೈತಿ?" ಎಂದು ಇವರು ದಿನಾ ಕೇಳುತ್ತಿದ್ದರು. ಕಡಿಮೆ ಎನ್ನುತ್ತಿದ್ದೆ. ಖರೇ ಹೇಳಬೇಕೆಂದರೆ ಹೆಗಲ ನೋವು ಕಡಿಮೆಯೇ ಆಗಿತ್ತು.

ಇಂದು ಬೆಳಿಗ್ಗೆ ಸ್ವಿಚ್ ಹಾಕಿ ಏಳುವಷ್ಟರಲ್ಲಿ ಟಣ್ ಎಂದಿತು. ಮಗ್ಗದ ಹಳೆಯ ಸ್ಪ್ರಿಂಗು ನಡುವೆ ತುಂಡಾಗಿತ್ತು. ಯಂತ್ರ ಹಗ್ಗವನ್ನು ತನ್ನ ಕಡೆ ಎಳೆಯಿತು, ಮತ್ತೆ ಬಿಟ್ಟಿತು. ಆದರೆ ಹಿಂದಕ್ಕೆ ಎಳೆಯುವವರಿಲ್ಲದೆ ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಗಾಲಿ ಸುತ್ತುತ್ತಿತ್ತು, ಪಟ್ಟಿ ಹೋಗಿ ಬರುತ್ತಿತ್ತು, ಕಡೆಗೋಲು ಸುಮ್ಮನೆ ನಿಂತಿತ್ತು. ಸಡಿಲಾದ ತುದಿಯನ್ನು ಎಡಗೈಯಲ್ಲಿ ಹಿಡಿದು ಎಳೆದು ನೋಡಿದೆ. ಒಂದಿಷ್ಟು ಆಯಿತು, ಆಮೇಲೆ ಕೈ ಸೋತಿತು. ಆರಿಸಿದೆ.

ಕರೆಯಲೋ ಬೇಡವೋ ಎಂದು ಹಿತ್ತಲ ಬಾಗಿಲಲ್ಲಿ ನಿಂತೆ. ಬರುವುದಿಲ್ಲ ಎಂದರೆ? ಅದೂ ಒಂದು ಮಾತು, ಕೇಳಿದ ಮೇಲೆ ಮತ್ತೆ ಕರೆಯುವಂತಿಲ್ಲ. ಗಡಿಗೆಯ ಮೊಸರನ್ನು ನೋಡಿದೆ, ಸ್ವಲ್ಪವೇ ಕಡೆದದ್ದು. ಗೋಡೆಯ ಹತ್ತಿರ ಹೋದೆ. ಅವಳು ಕಲ್ಲಿನ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಏ ತಂಗಿ, ಸ್ಪ್ರಿಂಗ ಹರೀತು. ಅದು ಒಂದ ಕಡೆ ಎಳೀತೈತಿ. ಇನ್ನೊಂದ ಕಡೆ ಯಾರೂ ಇಲ್ಲ."

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಕೇಳಸ್ತು," ಎಂದಳು. ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿ, "ಕೈ ತೊಳಕೊಂಡ ಬರತೀನಿ. ಎಣ್ಣಿ ಕೈಲೆ ಹಗ್ಗ ನಿಲ್ಲೂದಿಲ್ಲ" ಎಂದಳು.

ಬಂದು ತನ್ನ ಜಾಗದಲ್ಲಿ ಕುಳಿತಳು. ಯಂತ್ರ ಎಳೆಯಿತು, ಅವಳು ಬಿಟ್ಟಳು. ಯಂತ್ರ ಬಿಟ್ಟಿತು, ಅವಳು ಎಳೆದಳು. ಎರಡು ಸಲ ತಪ್ಪಿತು, ಆಮೇಲೆ ಕೂಡಿಕೊಂಡಿತು.

"ನಿನಕಿಂತ ಚಲೋ ಎಳೀತೈತಿ ಬಿಡಬೇ ಇದು," ಎಂದಳು. "ನೀ ಮಾತಿನಾಗ ಮರತ ಕುಂದ್ರತಿದ್ದಿ, ನಾ ಒಬ್ಬಾಕೆ ಜಗ್ಗತಿದ್ದೆ."

"ಹೌದೌದು. ಮಾತೆಲ್ಲಾ ನನ್ನವ ಇರತಿದ್ವು ನೋಡು."

"ನೀರ ಹಾಕು. ಸಾಕ, ಸಾಕ! ಮೊನ್ನೆ ಮೊನ್ನೆ ಬೆಣ್ಣಿ ಕರಗಿಸಿದ್ದಿ, ಮಜ್ಜಿಗಿ ಮ್ಯಾಲ ಜಿಡ್ಡ ತೇಲತಿತ್ತು. ನನಗೇನ ಗೊತ್ತಾಗೂದಿಲ್ಲ ಅಂತ ತಿಳದೀಯೇನು?"

ಬೆಣ್ಣೆ ಬಂತು. ಉಂಡೆ ಮಾಡಿ ಅವಳ ಕಡೆ ಹಿಡಿದೆ. ಅವಳು ತನ್ನ ಅಂಗೈ ನೋಡಿಕೊಂಡಳು. ಹಗ್ಗದ ಗುರುತು ಕೆಂಪಗೆ ಮೂಡಿತ್ತು. ಕೈ ಚಾಚಿದಳು. ನನಗೆ ಕೊಡಬೇಕಾದಾಗ ಸ್ವಲ್ಪ ತಡೆದು, "ನೀ ಎಳದಿಲ್ಲ ಇವತ್ತ" ಎಂದಳು. ಆಮೇಲೆ, "ಎಡಗೈಲೆ ಎಳದೀ, ನಾ ಸಪ್ಪಳ ಕೇಳೀನಿ. ತಗೋ" ಎಂದು ಒಂದು ಸಣ್ಣ ಉಂಡೆ ಹಾಕಿದಳು.

ಅವಳು ತಂಬಿಗೆಯಲ್ಲಿ ಮಜ್ಜಿಗೆ ಒಯ್ದ ಮೇಲೆ ಉಳಿದ ದಿನ ಮೊದಲಿನಂತೆಯೇ ಇತ್ತು. ಮಧ್ಯಾಹ್ನ ಓಣಿಯಲ್ಲಿ ಯಾರೂ ಹಾಯಲಿಲ್ಲ. ಗುಡ್ಡದ ನೆರಳು ಅಂಗಳಕ್ಕೆ ಬರುವವರೆಗೆ ಜೋಳ ಕೇರುತ್ತ ಕುಳಿತಿದ್ದೆ. ಸಂಜೆಗೆ ಗೋಡೆಯ ಮೇಲೆ ತಂಬಿಗೆ ಇಟ್ಟಿದ್ದಳು. ಇಣುಕಿ ನೋಡಿದೆ, ಕೈಹಾಕಿಯೂ ನೋಡಿದೆ. ಬರಿದಾಗಿತ್ತು.

ಇವರು ಬಂದು ತುಂಡಾದ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಐತವಾರ ಗಜೇಂದ್ರಗಡಕ್ಕ ಹೋಗಿ ಹೊಸಾದ ತರತೀನಿ."

"ಇರ್ಲಿ ಬಿಡ್ರಿ. ಆ ತುದಿ ಆಕಿ ಹಿಡೀತಾಳ."

"ಆಕಿಗೆ ತ್ರಾಸ ಅಲ್ಲೇನು?"

"ತ್ರಾಸ ಅಂತ ಆಕಿ ಯಾರ ಮುಂದ ಹೇಳ್ಯಾಳ್ರಿ?"

ಇವರು ಗೂಟವನ್ನು ನೋಡಿದರು, ಅದರ ಕೆಳಗಿನ ಜಾಗವನ್ನು ನೋಡಿದರು. ಚಹಾ ಕುಡಿದು ಮುಗಿಸಿದರು. ಆಮೇಲೆ, "ಹಂಗಾದ್ರ ಸ್ವಿಚ್ ಆಕಿ ಕುಂದ್ರೂ ಕಡೆ ಹಚ್ಚತೀನಿ. ಕೈ ಸೋತ್ರ ಆರಸಾಕ ಬರಬೇಕಲ್ಲ" ಎಂದರು. ಸ್ಪ್ರಿಂಗನ್ನು ಗೋಡೆಯ ಮಾಡದಲ್ಲಿ, ಹಳೆಯ ಬೀಗಗಳ ಪಕ್ಕ ಇಟ್ಟರು.

ರಾತ್ರಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ರೊಟ್ಟಿಯ ಮೇಲೆ ಇಂದಿನ ಬೆಣ್ಣೆ, ಕೊನೆಗೆ ಅನ್ನ ಮಜ್ಜಿಗೆ. ಇವರೇ ಮೊದಲು ಮಲಗಿದರು, ಸ್ವಿಚ್ಚಿಗೆ ಎಷ್ಟು ವೈರು ಬೇಕಾದೀತೆಂದು ಹೇಳುತ್ತ ಹೇಳುತ್ತ. ಗೋಡೆಯಾಚೆ ಒಮ್ಮೆ ಪಾತ್ರೆ ಸರಿಸಿದ ಸಪ್ಪಳವಾಯಿತು, ಆಮೇಲೆ ಇಲ್ಲ. ಅವಳೂ ಮಲಗಿದಳೆಂದುಕೊಂಡು ದೀಪ ಆರಿಸಿದೆ.