ನಕ್ಷತ್ರದ ನಡುಕ ಹಿಡಿಯಹೋದದ್ದು

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಪೇಪರು ಓದಬಾರದು, ಓದಿದರೂ ನಂಬಬಾರದು, ನಂಬಿದರೂ ಗುಜರಿ ಅಂಗಡಿಯ ಕಡೆ ಸುಳಿಯಬಾರದು. ಅರವತ್ತರ ದಶಕದ ಕೊನೆಯಲ್ಲಿ ನಾನು ಈ ಮೂರು ತಪ್ಪನ್ನೂ ಮಾಡಿದೆ.

ಸುದ್ದಿ ಇಷ್ಟು. ಆಕಾಶದಲ್ಲಿ ಕೆಲವು ಸತ್ತ ನಕ್ಷತ್ರಗಳಿವೆಯಂತೆ. ತೂಕ ಸೂರ್ಯನಷ್ಟು, ಅಗಲ ಮಾತ್ರ ನಮ್ಮ ಚಿನ್ನದ ಗಣಿಯ ಊರು ಊರಿಗಾಂನಿಂದ ಬಂಗಾರಪೇಟೆಗೆ ಇರುವಷ್ಟು. ಅಂಥ ಎರಡು ಗುದ್ದಿಕೊಂಡರೆ ಆಕಾಶವೇ ಅಲೆಯೆದ್ದು, ಆ ಅಲೆ ನಮ್ಮ ಮೈಯನ್ನೂ ಹಾದುಹೋಗುತ್ತದಂತೆ. ಹೊರದೇಶದ ವಿಜ್ಞಾನಿಯೊಬ್ಬ ಲೋಹದ ಉರುಳೆ ತೂಗುಹಾಕಿ ಆ ನಡುಕಕ್ಕೆ ಕಾದು ಕೂತಿದ್ದಾನಂತೆ.

ಅವನಿಗೆ ಪ್ರಯೋಗಶಾಲೆ ಇತ್ತು. ನನಗೆ ಊರಿಗಾಂನ ಬಾಡಿಗೆ ಮನೆಯಲ್ಲಿ ಒಂದು ಗಟ್ಟಿ ತೊಲೆ ಇತ್ತು. ಗುಜರಿಯಿಂದ ಕಬ್ಬಿಣದ ಉರುಳೆ ತಂದು ತೊಲೆಗೆ ನೇತುಹಾಕಿದೆ. ತುದಿಗೆ ಹೊಲಿಗೆ ಸೂಜಿ ಕಟ್ಟಿ, ಕೆಳಗೆ ಮಸಿ ಹಿಡಿಸಿದ ಗಾಜಿಟ್ಟೆ. ಉರುಳೆ ಅಲುಗಿದರೆ ಗಾಜಿನ ಮೇಲೆ ಗೀರು. ನನ್ನ ಹೆಂಡತಿ ಅದರ ಮೇಲೆ ಒದ್ದೆ ಟವೆಲು ಒಣಹಾಕಿದ್ದೇ ಮೊದಲ ತಿಂಗಳ ಫಲಿತಾಂಶ.

ಒಂದು ಶನಿವಾರ ಮಧ್ಯಾಹ್ನ ಉರುಳೆ ಗಡಗಡ ಆಡಿತು. ಗಾಜಿನ ಮೇಲೆ ಗೇಣುದ್ದ ಗೀರು! ಪಂಚೆ ಎತ್ತಿ ಕಟ್ಟಿ ಬೀದಿಗೆ ಓಡಿ, "ಗುದ್ದಿದವು! ನಕ್ಷತ್ರ ಗುದ್ದಿದವು!" ಎಂದು ಕೂಗಿದೆ.

ಬೀದಿಯಲ್ಲಿ ಹೆಂಗಸರು ಆಗಲೇ ನೆರೆದಿದ್ದರು. ಒಬ್ಬರೂ ಆಕಾಶ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಗಣಿಯ ಕಡೆಗಿತ್ತು. ಪಕ್ಕದ ಮನೆಯ ಮುನಿಯಮ್ಮನ ಕೈಗೆ ರಾಗಿ ಹಿಟ್ಟು ಮೆತ್ತಿಕೊಂಡೇ ಇತ್ತು.

"ನಕ್ಸತ್ರ ಅಲ್ಲ ಮೇಷ್ಟ್ರೇ, ಏರ್‌ಬ್ಲಾಸ್ಟು. ಒಳಗೆ ಬಂಡೆ ಸಿಡಿದೈತೆ," ಎಂದಳು. "ನಮ್ಮೋರು ಕೆಳಗವ್ರೆ."

ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟೆ. ಅವಳ ಹಿಂದೆ ಗಣಿಯ ಗೇಟಿನವರೆಗೆ ನಡೆದೆ; ಬೇರೇನು ಮಾಡಬೇಕೋ ತಿಳಿಯಲಿಲ್ಲ. ಕೆಳಗಿನಿಂದ ಆಳುಗಳನ್ನು ಎತ್ತಿ ತರುವ ಕಬ್ಬಿಣದ ಕೇಜು ಬಂದಾಗಲೆಲ್ಲ ಧೂಳು ಮೆತ್ತಿದ ಗಂಡಸರು ಇಳಿಯುತ್ತಿದ್ದರು. ಎಲ್ಲರ ಮುಖವೂ ಒಂದೇ ಬೂದಿಬಣ್ಣ. ಮುನಿಯಮ್ಮ ಒಬ್ಬೊಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ನಾಲ್ಕನೆಯ ಕೇಜಿನಲ್ಲಿ ಅವಳ ಗಂಡ ವೆಂಕಟಪ್ಪ ಬಂದ.

"ಒಲೆ ಮೇಲೆ ಎಸರಿಟ್ಟು ಬಂದಿವ್ನಿ, ಉಕ್ಕೋಗಿರ್ತೈತೆ, ನಡೀರಿ," ಎಂದು ಗದರಿ, ನನ್ನ ಬೆನ್ನ ಮರೆಯಲ್ಲಿ ಕಣ್ಣೊರೆಸಿಕೊಂಡಳು. ಅಂದು ಒಬ್ಬನ ಕೈ ಮುರಿದಿತ್ತು. ಉಳಿದವರೆಲ್ಲ ಕ್ಷೇಮವಾಗಿ ಬಂದರು.

ಮಾರನೆಯ ದಿನ ವೆಂಕಟಪ್ಪ ನನ್ನ ಉರುಳೆ ನೋಡಲು ಬಂದ. ನಗುತ್ತಾನೆಂದುಕೊಂಡಿದ್ದೆ; ನಗಲಿಲ್ಲ. ಸುತ್ತ ಎರಡು ಸಲ ನಡೆದ.

"ಒಂದೇ ಇಟ್ರೆ ಎಂಗ್ ಮೇಷ್ಟ್ರೇ ಗೊತ್ತಾಯ್ತದೆ? ಬಂಗಾರಪೇಟೇಲಿ ನಿಮ್ ಮಾವನ ಮನೇಲಿ ಇನ್ನೊಂದು ನೇತಾಕಿ. ಏರ್‌ಬ್ಲಾಸ್ಟು ಅಷ್ಟು ದೂರ ಓಗಲ್ಲ. ಎರಡೂ ಒಟ್ಟಿಗೇ ಆಡಿದ್ರೆ ನಿಮ್ ನಕ್ಸತ್ರ. ಇದೊಂದೇ ಆಡಿದ್ರೆ ನಮ್ ಬಂಡೆ."

ಆ ಹೊರದೇಶದವನೂ ಬಲು ದೂರ ದೂರದಲ್ಲಿ ಎರಡು ಉರುಳೆ ತೂಗುಹಾಕಿದ್ದನೆಂದು ಆಮೇಲೆ ಓದಿದೆ. ಬಿ.ಎಸ್ಸಿ. ಓದಿದ ನನಗೆ ಹೊಳೆಯದ್ದು ನಾಲ್ಕನೇ ಕ್ಲಾಸು ಬಿಟ್ಟ ವೆಂಕಟಪ್ಪನಿಗೆ ಎರಡು ಸುತ್ತಿನಲ್ಲಿ ಹೊಳೆದಿತ್ತು. ಬಂಗಾರಪೇಟೆಯಲ್ಲೂ ನೇತುಹಾಕಿದೆ. ಅದು ಹಾದುಹೋದ ಪ್ರತಿ ರೈಲಿಗೂ ಕುಣಿಯಿತು. ಮಾವನವರು ಒಂದು ವಾರ ಸಹಿಸಿ, ಬಿಚ್ಚಿ ಹಿತ್ತಲ ಬಾಗಿಲು ಬಡಿಯದಂತೆ ಒತ್ತಿಟ್ಟರು.

ಆ ಶನಿವಾರದಿಂದ ನೆಲ ನಡುಗಿದಾಗ ನಾನು ಗಾಜು ನೋಡುವುದಿಲ್ಲ. ಮೊದಲು ಬೀದಿಗೆ ಹೋಗಿ, ಈ ಪಾಳಿಯಲ್ಲಿ ಕೆಳಗೆ ಯಾರಿದ್ದಾರೆ ಎಂದು ಕೇಳುತ್ತೇನೆ. ನಕ್ಷತ್ರ ಸತ್ತು ಎಷ್ಟು ಸಾವಿರ ವರ್ಷವಾಯಿತೋ. ಅದರ ಸುದ್ದಿ ಸಂಜೆ ತಿಳಿದರೂ ನಡೆಯುತ್ತದೆ.