ಭಾವನ ಲಾರಿಗೆ ಬೇಕಾದಷ್ಟು ವೋಲ್ಟೇಜು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಹಳ ವರ್ಷ ತಿಪಟೂರಿನಿಂದ ಉತ್ತರದ ಕಡೆಗೆ ಕೊಬ್ಬರಿ ಲೋಡು ಹೊಡೆದವರು. ಬೆನ್ನಿಗೆ ಆಪರೇಷನ್ ಆದಮೇಲೆ ಡಾಕ್ಟರು, ಇನ್ನು ಲಾರಿ ಹತ್ತಬೇಡಿ ಎಂದುಬಿಟ್ಟರು. ಮನೆಯಲ್ಲಿ ಕೂತ ಭಾವ ಮಾತು ಕಡಿಮೆ ಮಾಡಿದರು. ಊಟಕ್ಕೆ ಕರೆದರೆ ಬರುವರು, ಉಂಡು ಕೈ ತೊಳೆದು ಮತ್ತೆ ಜಗಲಿಯ ಮೇಲೆ ಕೂತು ರಸ್ತೆ ನೋಡುವರು. ಕಾಯಿ ಕೀಳಿಸುವುದು, ಸುಲಿಸುವುದು, ತೋಟಕ್ಕೆ ನೀರು ಬಿಡುವುದು ಎಲ್ಲ ಅಕ್ಕನದೇ. ‘ಲಾರೀಲಿದ್ದಾಗ್ಲೇ ವಾಸಿ ಕಣೇ, ಫೋನ್ನಲ್ಲಾದ್ರೂ ಮಾತಾಡೋರು’ ಎಂದು ಅವಳು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಳು.

ನಾನಿರುವುದು ಅವರ ಪಕ್ಕದ ಮನೆಯಲ್ಲೇ, ತುರುವೇಕೆರೆಯ ಹೊರವಲಯದಲ್ಲಿ. ಫ್ಲೆಕ್ಸ್ ಬೋರ್ಡು, ಲಗ್ನಪತ್ರಿಕೆ ಡಿಸೈನ್ ಮಾಡುವುದು, ಮದುವೆ ವಿಡಿಯೋ ಜೋಡಿಸಿಕೊಡುವುದು ನನ್ನ ಕೆಲಸ. ತಾಲ್ಲೂಕಿನ ಎಷ್ಟೋ ಮುಖಂಡರ ಹುಟ್ಟುಹಬ್ಬಕ್ಕೆ ಅವರ ತಲೆಯ ಮೇಲೆ ಕೂದಲು ಬೆಳೆಸಿದವಳು ನಾನೇ. ವಿಡಿಯೋ ಕೆಲಸ ಬೇಗ ಆಗಲಿ ಎಂದು ಪರದೆಗೆ ಚಿತ್ರ ಮೂಡಿಸುವ, ಯಾರೋ ಬಳಸಿ ಬಿಟ್ಟ ಒಂದು ಗ್ರಾಫಿಕ್ಸ್ ಕಾರ್ಡನ್ನು ಕಂಪ್ಯೂಟರಿಗೆ ಹಾಕಿಸಿದ್ದೆ.

ಅದೇ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಗೇಮ್ ಒಂದನ್ನು ಹಾಕಿ, ಸ್ಟಿಯರಿಂಗ್ ಚಕ್ರವನ್ನೂ ಪೆಡಲುಗಳನ್ನೂ ತಂದು ಮೇಜಿಗೆ ಬಿಗಿದು, ಒಂದು ಭಾನುವಾರ ಭಾವನನ್ನು ಕರೆದೆ. ‘ಆಟದ ಸಾಮಾನು ಯಾಕವ್ವಾ ನಂಗೆ’ ಎನ್ನುತ್ತಲೇ ಬಂದರು. ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತರು. ಮೊದಲು ಮಾಡಿದ ಕೆಲಸವೆಂದರೆ, ಪರದೆಯಲ್ಲಿ ಕಾಣುವ ಎರಡೂ ಕನ್ನಡಿಗಳನ್ನು ತಮಗೆ ಬೇಕಾದಂತೆ ತಿರುಗಿಸಿಕೊಂಡದ್ದು. ಆಮೇಲೆ ಗೇರು ಹಾಕಿದರು.

ಗೇಮಿನಲ್ಲಿದ್ದದ್ದು ಪರದೇಶದ ರಸ್ತೆ. ‘ಒಬ್ಬನೂ ಹಾರನ್ ಹೊಡೆಯಲ್ವಲ್ಲ, ಏನ್ ಜನ ಇವ್ರು’ ಎಂದರು. ಸ್ವಲ್ಪ ಹೊತ್ತಿಗೆ ಬೈಪಾಸು, ಟೋಲು, ಲೋಡಿನ ತೂಕ ಎಂದು ತಾವಾಗಿಯೇ ಮಾತು ಶುರುಮಾಡಿದರು. ನಾನು ಎದ್ದುಹೋಗಿ ಕಾಫಿ ಇಟ್ಟೆ. ಒಳಗಿನಿಂದ ಕೇಳಿದರೆ ಇಬ್ಬರು ಕೂತು ಹರಟುತ್ತಿದ್ದಾರೆ ಅನ್ನಿಸುವಂತಿತ್ತು.

ತೊಂದರೆ ಶುರುವಾದದ್ದು ಬೆಟ್ಟದ ರಸ್ತೆಯಲ್ಲಿ. ತಿರುವುಗಳು ಬಂದ ಕೂಡಲೇ ಚಿತ್ರ ತಡವರಿಸುತ್ತಿತ್ತು. ಭಾವ ಚಕ್ರ ತಿರುಗಿಸಿದ ಮೇಲೆ, ಒಂದು ಗಳಿಗೆ ಬಿಟ್ಟು ಲಾರಿ ತಿರುಗುತ್ತಿತ್ತು. ಅಷ್ಟರೊಳಗೆ ಅದು ಕಂದಕದಲ್ಲಿರುತ್ತಿತ್ತು. ಒಂದು ಸಲ ನಕ್ಕರು, ಇನ್ನೊಂದು ಸಲ ದಿಂಬು ಸರಿಮಾಡಿಕೊಂಡು ಕೂತರು. ಮೂರನೆಯ ಸಲ ಚಕ್ರದಿಂದ ಕೈ ತೆಗೆದು, ‘ನನ್ ಕೈನೇ ಹೋಯ್ತು ಬುಡವ್ವ’ ಎಂದು ಮೇಲೆದ್ದರು.

‘ನಿಮ್ ಕೈಯದ್ದಲ್ಲ ಭಾವ, ಕಾರ್ಡಿಂದು’ ಎಂದೆ. ಅವರು ನಂಬಲಿಲ್ಲ. ನಂಬಿಸಲೇಬೇಕು ಎಂದು ನನಗೆ ಹಟ ಬಂತು.

ಕಾರ್ಡನ್ನು ಅದರ ಮಾಮೂಲಿ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಅದಕ್ಕೊಂದು ಸಾಫ್ಟ್‌ವೇರು ಇಳಿಸಿಕೊಂಡೆ. ಅದರಲ್ಲಿ ವೇಗ ಏರಿಸಿ ಇಳಿಸುವ ಪಟ್ಟಿಯನ್ನು ಸ್ವಲ್ಪ ಬಲಕ್ಕೆ ಎಳೆದೆ, ಚೆನ್ನಾಗಿತ್ತು. ಇನ್ನೂ ಸ್ವಲ್ಪ ಎಳೆದೆ, ಗೇಮು ಮುಚ್ಚಿಕೊಂಡಿತು. ಓದಿ ನೋಡಿದರೆ, ಹೆಚ್ಚು ವೇಗಕ್ಕೆ ಹೆಚ್ಚು ವೋಲ್ಟೇಜು ಬೇಕು ಎಂದಿತ್ತು. ಆದರೆ ವೋಲ್ಟೇಜಿನ ಪಟ್ಟಿ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿತ್ತು. ಮೌಸಿನಿಂದ ಎಷ್ಟು ಎಳೆದರೂ ಅಲುಗಲಿಲ್ಲ.

ವೋಲ್ಟೇಜು ಎಂಬ ಮಾತು ಕಿವಿಗೆ ಬಿದ್ದದ್ದೇ ಅಂದು ನನ್ನ ಮನೆಯಲ್ಲೇ ಅಡುಗೆಗೆ ನಿಂತಿದ್ದ ಅಕ್ಕ ಹೊರಗೆ ಬಂದಳು. ‘ತೋಟದ ಮೋಟ್ರುಗಳೆಲ್ಲ ಆನ್ ಆಗವೆ ಕಣೇ, ಈ ಹೊತ್ನಲ್ಲಿ ವೋಲ್ಟೇಜ್ ಇರಲ್ಲ. ಫ್ರಿಜ್ಜಿಗೆ ಹಾಕಿರೋ ಸ್ಟೆಬಿಲೈಸರ್ ತಂದ್ಕೊಡ್ಲಾ?’

ಅದು ಬೇರೆ, ಇದು ಬೇರೆ, ಕಂಪ್ಯೂಟರಿನೊಳಗೆ ಕರೆಂಟು ಇಳಿಸಿ ಹಂಚುವ ಡಬ್ಬಿಯೇ ಇದೆ, ಕಾರ್ಡಿಗೆ ಬೇಕಾದದ್ದು ಒಂದು ಟಾರ್ಚಿನ ಸೆಲ್ಲಿಗಿಂತಲೂ ಕಡಿಮೆ ವೋಲ್ಟೇಜು ಎಂದು ವಿವರಿಸಿದೆ. ‘ಅಷ್ಟೇಯ? ಅದಕ್ಕಿಷ್ಟು ಒದ್ದಾಟವಾ?’ ಎಂದು ಅವಳು ಒಲೆಯ ಮುಂದೆ ಹೋದಳು.

ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ಹುಡುಕಿದೆ. ವೋಲ್ಟೇಜಿನ ಬೀಗ ತೆಗೆಯುವ ಒಂದು ಚೌಕ ಸಿಕ್ಕಿತು. ಟಿಕ್ ಹಾಕಿ, ಸಾಫ್ಟ್‌ವೇರು ಮುಚ್ಚಿ ತೆರೆದೆ. ಪಟ್ಟಿ ಇನ್ನೂ ಬೂದಿ. ಅಷ್ಟರಲ್ಲಿ ಭಾವ ಬಂದು ಬಾಗಿಲಲ್ಲಿ ನಿಂತು, ‘ಏನಾಗದೆ?’ ಎಂದು ಕೇಳಿದರು.

ನಾನು ಪರದೆಯಿಂದ ಕಣ್ಣು ತೆಗೆಯದೆ, ‘ಡ್ರೈವರ್ ಹಳೇದು ಭಾವ. ತೆಗೆದು ಹೊಸದು ಹಾಕ್ಬೇಕು’ ಎಂದೆ.

ತಿರುಗಿ ನೋಡಿದರೆ ಭಾವ ನನ್ನನ್ನೇ ನೋಡುತ್ತಿದ್ದರು. ‘ಅದು ನಂಗೂ ಗೊತ್ತು ಕಣವ್ವ’ ಎಂದರು. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಕೆಲಸ ಮಾಡುವ ಪ್ರೋಗ್ರಾಮಿಗೂ ಡ್ರೈವರ್ ಅಂತಲೇ ಹೆಸರು ಎಂದು ನಾನು ಅವಸರ ಅವಸರವಾಗಿ ಹೇಳತೊಡಗಿದೆ. ನನ್ನ ಗಾಬರಿ ಕಂಡು ಭಾವ ನಗಲು ಶುರುಮಾಡಿದರು. ಬೆನ್ನು ನೋಯುತ್ತದೆಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಆಪರೇಷನ್ ಆದಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಕ್ಕ ಸೌಟು ಹಿಡಿದೇ ಓಡಿಬಂದು ನೋಡಿದಳು.

ಹೊಸ ಡ್ರೈವರ್ ಬಂತು. ಬೀಗದ ಚೌಕದ ಪಕ್ಕದಲ್ಲೇ, ಯಾವ ಬಗೆಯ ಕಾರ್ಡು ಎಂದು ಆರಿಸುವ ಜಾಗವಿತ್ತು. ಒಂದೊಂದನ್ನೇ ಆರಿಸಿ ನೋಡುತ್ತ ಹೋದರೆ, ಕೊನೆಗೆ ಪಟ್ಟಿಗೆ ಬಣ್ಣ ಬಂತು. ಸಂತೋಷಕ್ಕೆ ವೋಲ್ಟೇಜು ಏರಿಸಿದೆ. ಭಾವ ಲಾರಿಯನ್ನು ಬೆಟ್ಟ ಹತ್ತಿಸಿದರು. ಕಾರ್ಡಿನ ಫ್ಯಾನು ತೆಂಗಿನ ಗರಿಗೆ ಗಾಳಿ ಹೊಡೆದ ಹಾಗೆ ಸದ್ದು ಮಾಡಿತು. ಮೊದಲ ತಿರುವು ದಾಟಿದೆವು. ಎರಡನೆಯದರಲ್ಲಿ ಚಿತ್ರ ಮೊದಲಿಗಿಂತಲೂ ಜೋರಾಗಿ ತಡವರಿಸಿ, ಲಾರಿ ಮತ್ತೆ ಕಂದಕ ಸೇರಿತು.

ಆಗ ಬಿಸಿಯ ಅಂಕಿ ಗಮನಿಸಿದೆ. ಕಾರ್ಡು ಕಾದು ಹೆಂಚಾಗಿತ್ತು. ತೀರ ಬಿಸಿಯಾದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ, ಈ ತಡವರಿಕೆ ಅದರಿಂದಲೇ. ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ಎದುರು ಮನೆಯವರು ಕಾಯಿ ಸುಲಿಸುವುದು ನನ್ನ ಕಿಟಕಿಯ ನೇರಕ್ಕೇ. ನಾರಿನ ಧೂಳೆಲ್ಲ ಬಂದು ಫ್ಯಾನಿನ ಹಿಂದೆ ಮೆತ್ತೆ ಹಾಸಿತ್ತು. ಬಣ್ಣ ಬಳಿಯುವ ಬ್ರಷ್ಷಿನಿಂದ ನಾಜೂಕಾಗಿ ಕೆರೆದು ತೆಗೆದೆ. ಬಿಸಿ ಇಳಿಯಿತು, ಆದರೆ ಸಾಕಾಗುವಷ್ಟಲ್ಲ.

ಇಂಟರ್ನೆಟ್ಟಿನಲ್ಲಿ ನನ್ನಂತೆಯೇ ವೋಲ್ಟೇಜು ಏರುತ್ತಿಲ್ಲ ಎಂದು ಗೋಳಾಡಿದವನೊಬ್ಬನಿಗೆ ಇನ್ನೊಬ್ಬ, ‘ಏರಿಸಬೇಡ, ಇಳಿಸು’ ಎಂದು ಬರೆದಿದ್ದ. ಅದೇ ವೇಗವನ್ನು ಕಡಿಮೆ ವೋಲ್ಟೇಜಿನಲ್ಲೇ ಪಡೆದರೆ ಕಾರ್ಡು ಬಿಸಿಯಾಗದು, ಬಿಸಿಯಾಗದಿದ್ದರೆ ಸುಸ್ತಾಗದು. ನಾನು ಇಷ್ಟು ಹೊತ್ತು ಉಲ್ಟಾ ದಿಕ್ಕಿಗೆ ಎಳೆದಾಡಿದ್ದೆ. ಯಾವ ವೋಲ್ಟೇಜಿಗೆ ಎಷ್ಟು ವೇಗ ಎಂದು ತೋರಿಸುವ ಗೆರೆಯೊಂದು ಸಾಫ್ಟ್‌ವೇರಿನಲ್ಲೇ ಅಡಗಿತ್ತು. ಮಧ್ಯದ ಒಂದು ಚುಕ್ಕಿಯನ್ನು ನನಗೆ ಬೇಕಾದ ವೇಗಕ್ಕೆ ಎತ್ತಿ, ಅದರಿಂದಾಚೆಗೆ ಗೆರೆಯನ್ನು ಮಟ್ಟಸವಾಗಿಸಿದೆ. ಮೊದಲು ಆಸೆಬುರುಕತನದಿಂದ ತೀರ ಇಳಿಸಿದೆ, ಪರದೆ ಕಪ್ಪಾಯಿತು. ಸ್ವಲ್ಪ ಮೇಲಕ್ಕೆ ತಂದೆ. ಮತ್ತೆ ಸ್ವಲ್ಪ. ಭಾವ ಪ್ರತಿ ಸಲವೂ ಬೇಸರವಿಲ್ಲದೆ ಅದೇ ಬೆಟ್ಟ ಹತ್ತಿಸಿ ಕೊಟ್ಟರು.

ಒಂದು ಸಲ ಲಾರಿ ತಿರುವಿಗೆ ತಿರುವು ಎಣ್ಣೆ ಸವರಿದ ಹಾಗೆ ಏರಿತು. ಫ್ಯಾನಿನ ಸದ್ದೇ ಇಲ್ಲ. ನೆತ್ತಿಗೆ ಹೋಗಿ ಭಾವ ಲಾರಿ ನಿಲ್ಲಿಸಿ, ‘ನನ್ ಕೈ ಇನ್ನೂ ಅದೆ ಕಣವ್ವ’ ಎಂದರು.

ಮಾರನೆಯ ದಿನ ಕಂಪ್ಯೂಟರ್ ಹಾಕಿದರೆ ಮತ್ತೆ ತಡವರಿಕೆ. ಸೆಟ್ಟಿಂಗನ್ನು ಉಳಿಸಿಟ್ಟಿದ್ದೆನಾದರೂ, ಕಂಪ್ಯೂಟರ್ ಶುರುವಾದಾಗಲೇ ಅದು ಜಾರಿಗೆ ಬರಲಿ ಎಂಬ ಗುಂಡಿ ಒತ್ತಿರಲಿಲ್ಲ. ಒತ್ತಿದೆ. ಆಮೇಲೆ ಅದರ ಕಾಟವಿಲ್ಲ. ನನ್ನ ಮದುವೆ ವಿಡಿಯೋಗಳೂ ಕಾರ್ಡು ಕಾಯಿಸದೆ ಮುಗಿಯತೊಡಗಿದವು.

ನಾನು ಯೋಚಿಸದೇ ಇದ್ದದ್ದು ಅಕ್ಕನ ವಿಷಯ. ಭಾವ ಲಾರಿ ಓಡಿಸಿದ ಅಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಅದರಲ್ಲಿ ಕೂತು ದೂರ ಹೋದವಳಲ್ಲ. ಹೆಚ್ಚೆಂದರೆ ಇಲ್ಲೇ ಹತ್ತಿರದ ಸಂಪಿಗೆ ಊರಿನ ದೇವಸ್ಥಾನದವರೆಗೆ ಹೋಗಿದ್ದಿರಬೇಕು. ಒಂದು ಮಧ್ಯಾಹ್ನ ಹುರುಳಿಕಾಳಿನ ಮೊರ ಹಿಡಿದುಕೊಂಡು ಬಂದು ಭಾವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಲ್ಲು ಆರಿಸುತ್ತ ಆರಿಸುತ್ತ ಕೈ ನಿಂತಿತು.

‘ದಿನಾ ಹಿಂಗೇ ಕೂತಿರ್ತಿದ್ರಾ? ಒಬ್ರೇ?’ ಎಂದಳು.

‘ಕ್ಲೀನರ್ ಇರ್ತಿದ್ನಲ್ಲ.’

‘ಅವ್ನು ಮಲಗಿರ್ತಿದ್ದ ಅಂತ ನೀವೇ ಹೇಳೋರು.’

ಭಾವ ಗೇರು ಇಳಿಸಿದರು. ‘ಹೂಂ. ಒಬ್ನೇ’ ಎಂದರು. ಆಮೇಲೆ ಹೇಳುತ್ತ ಹೋದರು: ಎಲ್ಲಿ ಟೀ ಚೆನ್ನಾಗಿರುತ್ತಿತ್ತು, ಎಲ್ಲಿ ಟಯರು ಸಿಡಿದಿತ್ತು, ಎಲ್ಲಿ ನಿಲ್ಲಿಸಿ ಅವಳಿಗೆ ಫೋನು ಮಾಡುತ್ತಿದ್ದರು. ನಾನು ಬಾಗಿಲಾಚೆ ನಿಂತು ಒಂದಷ್ಟು ಕೇಳಿಸಿಕೊಂಡು, ಸಾಮಾನು ತರಲು ಅಂಗಡಿಗೆ ಹೊರಟೆ.

ಗೇಟು ದಾಟುವಾಗ ಕಿಟಕಿಯಿಂದ ಅಕ್ಕನ ದನಿ ಕೇಳಿತು: ‘ಈ ಊರಾಗೆ ಸಮುದ್ರ ಇಲ್ವಾ? ಇದ್ರೆ ಆ ಕಡೆ ತಿರುಗ್ಸಿ.’